ಅಮ್ಮ ಎಂಬ ಹೆಸರಿನ ಮಗಳು

ಆ ಕಾದಂಬರಿಯಲ್ಲಿ 13 ವರ್ಷದ ಒಬ್ಬ ಹುಡುಗಿಯಿದ್ದಾಳೆ. ಅವಳ ಹೆಸರು ಅಮ್ಮ. ಅಮೆರಿಕದ ಮಿಸೌರಿ ರಾಜ್ಯದ ಒಂದು ಕಲ್ಪಿತ ಊರಿನಲ್ಲಿ ನಡೆಯುವ ಆ ಕಥೆಗೂ ನಮ್ಮ ನುಡಿಗೂ ಯಾವ ನಂಟೂ ಇಲ್ಲ. ಆದರೆ ಓದುತ್ತಿದ್ದವಳು ನಾನು. ಅಮ್ಮ ಬಂದಳು, ಅಮ್ಮ ನಕ್ಕಳು ಎಂಬಂಥ ವಾಕ್ಯ ಪುಟದಲ್ಲಿ ಕಂಡಾಗಲೆಲ್ಲ ಕಣ್ಣು ಒಂದನ್ನು ಓದುತ್ತಿತ್ತು, ಮನಸ್ಸು ಇನ್ನೊಂದನ್ನು ಕೇಳಿಸಿಕೊಳ್ಳುತ್ತಿತ್ತು. ಹತ್ತಿಪ್ಪತ್ತು ಪುಟಗಳಾದ ಮೇಲೆ ಅಭ್ಯಾಸವಾಗಬಹುದು ಎಂದುಕೊಂಡೆ, ಆಗಲಿಲ್ಲ. ಕೊನೆಯ ಪುಟದವರೆಗೂ ಆ ಮಗಳು ನನ್ನ ಪಾಲಿಗೆ ತಾಯಿಯ ಹೆಸರನ್ನು ಹೊತ್ತೇ ಓಡಾಡಿದಳು. ಪುಸ್ತಕ ಮುಗಿಸಿದಾಗ ಅನ್ನಿಸಿತು, ಆ ಕಥೆಯ ಒಳಗುಟ್ಟನ್ನು ಕನ್ನಡದ ಕಿವಿ ನನಗೆ ಮೊದಲ ದಿನವೇ ಹೇಳಿಬಿಟ್ಟಿತ್ತು, ನಾನು ಕೇಳಿಸಿಕೊಂಡಿರಲಿಲ್ಲ.

ಗಿಲಿಯನ್ ಫ್ಲಿನ್ ಅವರ ಮೊದಲ ಕಾದಂಬರಿ ‘ಶಾರ್ಪ್ ಆಬ್ಜೆಕ್ಟ್ಸ್’ 2006ರಲ್ಲಿ ಪ್ರಕಟವಾಯಿತು. 2018ರಲ್ಲಿ ಅದು ಕಿರುಸರಣಿಯಾಗಿ ತೆರೆಗೂ ಬಂತು. ಸರಣಿಯನ್ನು ನಾನು ನೋಡಿಲ್ಲ, ನೋಡುವ ಧೈರ್ಯವೂ ಸದ್ಯಕ್ಕಿಲ್ಲ. ಪುಸ್ತಕವನ್ನು ಮಾತ್ರ ನಾಲ್ಕು ರಾತ್ರಿಗಳಲ್ಲಿ ಓದಿದೆ. ಎಂಟು ವರ್ಷದ ಮಗಳು ಜ್ವರದಿಂದ ಮಲಗಿದ್ದ ರಾತ್ರಿಗಳು ಅವು. ಅವಳ ಮಂಚದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಗಂಟೆಗೊಮ್ಮೆ ಹಣೆ ಮುಟ್ಟಿ ನೋಡುತ್ತ, ನಡುನಡುವೆ ಓದಿದ್ದು. ಹಾಗೆ ಓದಬಾರದಿತ್ತೋ ಏನೋ. ಅಥವಾ ಈ ಪುಸ್ತಕವನ್ನು ಹಾಗೆಯೇ ಓದಬೇಕೋ ಏನೋ. ಮುಂದೆ ಕಥೆಯ ಕೊನೆಯನ್ನೂ ಹೇಳಲಿದ್ದೇನೆ, ಆದ್ದರಿಂದ ಓದಬೇಕೆಂದಿರುವವರು ಮೊದಲು ಓದಿಬಂದರೆ ಒಳ್ಳೆಯದು.

ಚಮಚ ತಳ್ಳಿದವಳು

ಶಿಕಾಗೋದ ಪತ್ರಿಕೆಯೊಂದರ ವರದಿಗಾರ್ತಿ ಕಮೀಲ್, ಇಬ್ಬರು ಹುಡುಗಿಯರ ಕೊಲೆಯ ಸುದ್ದಿ ಬರೆಯಲು ತನ್ನ ಹುಟ್ಟೂರಿಗೆ ಮರಳುತ್ತಾಳೆ. ಅಲ್ಲಿ ಹಂದಿ ಸಾಕಣೆಯ ಉದ್ಯಮದಿಂದ ಸಿರಿವಂತಳಾದ ತಾಯಿ ಅಡೋರಾ ಇದ್ದಾಳೆ, ಮಲತಂದೆಯಿದ್ದಾನೆ, ಮಲತಂಗಿ ಅಮ್ಮ ಇದ್ದಾಳೆ. ಇನ್ನೊಬ್ಬ ತಂಗಿ ಮೇರಿಯನ್ ಸದಾ ಕಾಯಿಲೆಯವಳಾಗಿದ್ದು ಚಿಕ್ಕಂದಿನಲ್ಲೇ ತೀರಿಕೊಂಡಿದ್ದಾಳೆ. ಕಮೀಲ್ ತನ್ನ ಮೈತುಂಬ ಪದಗಳನ್ನು ಕೊಯ್ದುಕೊಂಡವಳು. ಬಟ್ಟೆ ಮುಚ್ಚಿದ ಕಡೆಯೆಲ್ಲ ಅಕ್ಷರಗಳ ಗಾಯದ ಗುರುತುಗಳಿವೆ. ಕೊಲೆಗಾರ ಯಾರು ಎಂಬ ಪ್ರಶ್ನೆ ಪುಟ ತಿರುಗಿಸಲು ಒಂದು ನೆಪವಷ್ಟೇ. ನಿಜವಾದ ಪ್ರಶ್ನೆ ಆ ಮನೆಯ ಮಲಗುವ ಕೋಣೆಯಲ್ಲಿದೆ. ಅಡೋರಾ ತನ್ನ ಮಕ್ಕಳಿಗೆ ಔಷಧಿಯ ಹೆಸರಿನಲ್ಲಿ ವಿಷವುಣಿಸಿ ಅವರನ್ನು ಹಾಸಿಗೆ ಹಿಡಿಸುತ್ತಾಳೆ. ಹಿಡಿಸಿದ ಮೇಲೆ ಅತ್ಯಂತ ಕೋಮಲವಾಗಿ ಆರೈಕೆ ಮಾಡುತ್ತಾಳೆ. ಮೇರಿಯನ್ ಸತ್ತದ್ದು ಹಾಗೆ.

ಥ್ರಿಲ್ಲರ್ ಓದುವವರಿಗೆ ವಿಷ ಹೊಸದಲ್ಲ. ನನ್ನನ್ನು ಅಲುಗಿಸಿದ್ದು ಅದಕ್ಕಿಂತ ಸಣ್ಣ ಸಂಗತಿ. ಕಮೀಲ್ ಬದುಕುಳಿದದ್ದು ಹೇಗೆಂದರೆ, ಚಿಕ್ಕವಳಿದ್ದಾಗ ಅವಳು ಹಟಮಾರಿಯಾಗಿದ್ದಳು. ತಾಯಿ ಕೊಟ್ಟದ್ದನ್ನು ಕುಡಿಯುತ್ತಿರಲಿಲ್ಲ, ಚಮಚವನ್ನು ತಳ್ಳುತ್ತಿದ್ದಳು. ಹಾಗೆ ತಳ್ಳಿದ್ದಕ್ಕೆ ಅವಳಿಗೆ ಸಿಕ್ಕಿದ್ದು ತಾಯಿಯ ತಣ್ಣನೆಯ ಉಪೇಕ್ಷೆ. ನಿನ್ನನ್ನು ನಾನು ಎಂದೂ ಪ್ರೀತಿಸಲಿಲ್ಲ ಎಂದು ಅಡೋರಾ ಒಂದು ದಿನ ಅವಳ ಮುಖಕ್ಕೇ ಹೇಳುತ್ತಾಳೆ. ಮೇರಿಯನ್ ವಿಧೇಯಳಾಗಿದ್ದಳು, ಕೊಟ್ಟದ್ದನ್ನೆಲ್ಲ ನುಂಗಿದಳು, ಪ್ರೀತಿ ಅವಳಿಗೆ ಸಿಕ್ಕಿತು, ಅವಳು ಸತ್ತಳು. ಆ ಮನೆಯಲ್ಲಿ ಒಂದು ಮಗುವಿಗೆ ಜೀವ ಮತ್ತು ತಾಯಿಯ ಒಲವು ಎರಡೂ ಒಟ್ಟಿಗೆ ಸಿಗುವುದಿಲ್ಲ. ಇನ್ನೂ ಕಠಿಣವಾದದ್ದು ಇದು: ಬದುಕುಳಿದ ಕಮೀಲ್ ಇಡೀ ಕಾದಂಬರಿಯುದ್ದಕ್ಕೂ ಸತ್ತ ತಂಗಿಯ ಬಗ್ಗೆ ಮರುಗುವಷ್ಟೇ ಒಳಗೊಳಗೆ ಅವಳನ್ನು ಕಂಡು ಕರುಬುತ್ತಾಳೆ. ಕೊನೆಯ ಭಾಗದಲ್ಲಿ ಆ ಬಟ್ಟಲಿನಲ್ಲಿ ಏನಿದೆಯೆಂದು ಗೊತ್ತಿದ್ದೂ ತಾಯಿಯ ಕೈಯಿಂದ ಅದನ್ನು ಕುಡಿಯುತ್ತಾಳೆ. ಅದು ಸಾಕ್ಷ್ಯಕ್ಕಾಗಿ ಎಂದು ಹೇಳಬಹುದು. ಅಷ್ಟಕ್ಕೇ ಅಲ್ಲ ಎಂದು ಓದುವವರಿಗೆ ತಿಳಿಯುತ್ತದೆ. ಒಂದೇ ಒಂದು ರಾತ್ರಿಗಾದರೂ ತಾಯಿಯ ಮಡಿಲಿನ ಮಗುವಾಗಿರುವುದು ಹೇಗಿರುತ್ತದೆ ಎಂದು ಅವಳಿಗೆ ನೋಡಬೇಕಾಗಿತ್ತು.

ಪುಸ್ತಕದ ಇನ್ನೊಂದು ನೆನಪಿನಲ್ಲಿ, ಮನೆಗೆ ಬಂದ ಗೆಳತಿಯ ಹಸುಗೂಸನ್ನು ಅಡೋರಾ ಎತ್ತಿಕೊಂಡು ಮುದ್ದಾಡುತ್ತಾಳೆ. ಮುದ್ದಾಡುತ್ತ ಮುದ್ದಾಡುತ್ತ, ಯಾರೂ ನೋಡುತ್ತಿಲ್ಲವೆಂದು ಭಾವಿಸಿ, ಆ ಕೆನ್ನೆಯನ್ನು ಕಚ್ಚಿಬಿಡುತ್ತಾಳೆ. ಮಗು ಅಳುತ್ತದೆ. ನಾವೂ ಕೂಸುಗಳ ಕೆನ್ನೆಯನ್ನು ಕಚ್ಚುವಂತೆ ನಟಿಸುತ್ತೇವೆ, ತಿಂದುಬಿಡ್ತೀನಿ ನಿನ್ನ ಎನ್ನುತ್ತೇವೆ. ಆ ಮಾತಿಗೂ ಹಲ್ಲು ಊರುವುದಕ್ಕೂ ನಡುವೆ ಎಷ್ಟು ಅಂತರವಿದೆ ಎಂದು ನಾನು ಎಂದೂ ಅಳೆದು ನೋಡಿರಲಿಲ್ಲ.

ಅಮ್ಮ ಬಂದಿದ್ದಾಳೆ

ನನಗೆ ಏಳು ವರ್ಷವಿದ್ದಾಗ ಚಿಕನ್‌ಪಾಕ್ಸ್ ಆಗಿತ್ತು. ನಮ್ಮ ಮನೆಯಲ್ಲಿ ಯಾರೂ ಹಾಗೆ ಹೇಳಲಿಲ್ಲ. ‘ಮಗೀಗೆ ಅಮ್ಮ ಬಂದಿದ್ದಾಳೆ’ ಎಂದರು. ಮನೆಯಲ್ಲಿ ಒಗ್ಗರಣೆ ಹಾಕುವಂತಿರಲಿಲ್ಲ. ಹೊರಗಿನಿಂದ ಬಂದವರು ನೇರ ಒಳಗೆ ಬರುವಂತಿರಲಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ನಡುಮನೆಯ ಪಕ್ಕದ ಕತ್ತಲ ಕೋಣೆಯಲ್ಲಿ ನನ್ನನ್ನು ಹಳೆಯ ಮೆತ್ತನೆಯ ಸೀರೆಯ ಮೇಲೆ ಮಲಗಿಸಿದರು. ಅಮ್ಮ ನನ್ನ ಪಕ್ಕದಲ್ಲಿ ಕುಳಿತಳು.

ಅದೇ ಆಶ್ಚರ್ಯ. ನಮ್ಮದು ತುಂಬಿದ ಮನೆ, ಅಮ್ಮ ಕಿರಿಯ ಸೊಸೆ. ಬೆಳಗಿನ ಜಾವ ಎದ್ದವಳು ರಾತ್ರಿ ಅಡುಗೆಮನೆ ತೊಳೆದು ಬರುವ ಹೊತ್ತಿಗೆ ನಾನು ನಿದ್ದೆ ಹೋಗಿರುತ್ತಿದ್ದೆ. ನಾನು ಎದ್ದಾಗ ಅವಳು ಕಾಣುತ್ತಿದ್ದದ್ದು ಬೆನ್ನು ಮಾತ್ರ: ಒಲೆಯ ಮುಂದೆ, ಒರಳಿನ ಮುಂದೆ, ಬಾವಿಕಟ್ಟೆಯ ಮುಂದೆ. ಆ ದಿನಗಳಲ್ಲಿ ಮೊದಲ ಬಾರಿಗೆ ಅವಳ ಮುಖ ಪೂರ್ತಿಯಾಗಿ, ಬಹಳ ಹೊತ್ತು, ನನ್ನ ಕಡೆಗೇ ತಿರುಗಿಕೊಂಡಿತ್ತು. ತುರಿಕೆಯಾದಾಗ ಕೆರೆದುಕೊಳ್ಳದಂತೆ ಎರಡೂ ಕೈಗಳನ್ನು ತನ್ನ ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಬೇವಿನ ಎಸಳಿನಿಂದ ಮೆಲ್ಲಗೆ ಸವರುತ್ತಿದ್ದಳು. ಒಡೆಯುತ್ತಿದ್ದ ಗುಳ್ಳೆಗಳನ್ನು ಮುತ್ತು ಎಂದು ಕರೆಯುತ್ತಿದ್ದಳು. ಇವತ್ತು ಬೆನ್ನಿನ ಮೇಲೆ ಎಷ್ಟು ಮುತ್ತು ಬಂದಿವೆ ನೋಡೋಣ ಎನ್ನುತ್ತಿದ್ದಳು. ನನಗೆ ಅರ್ಥವಾದದ್ದು ಒಂದೇ: ಎಲ್ಲರೂ ಹೇಳುತ್ತಿದ್ದ ಮಾತು ನಿಜ, ಅಮ್ಮ ಬಂದಿದ್ದಾಳೆ.

ಒಂಬತ್ತನೆಯ ದಿನ ಬೇವು ಅರಿಸಿನ ಹಾಕಿ ಕಾಯಿಸಿದ ನೀರಿನಲ್ಲಿ ತಲೆಗೆ ಎರೆದರು. ಮೊಸರನ್ನ ಮಾಡಿ ಮಾರಮ್ಮನ ಗುಡಿಗೆ ಕೊಟ್ಟು ಬಂದರು. ಅಜ್ಜಿ ನೆಮ್ಮದಿಯಿಂದ ‘ಅಂತೂ ಅಮ್ಮನ್ನ ಕಳಿಸಿಕೊಟ್ವಿ’ ಎಂದಳು. ಆ ಸಂಜೆ ಅಮ್ಮ ಮತ್ತೆ ಒಲೆಯ ಮುಂದೆ ಬೆನ್ನಾಗಿ ಕುಳಿತಿದ್ದಳು. ನಾನು ಹಿತ್ತಿಲಿಗೆ ಹೋಗಿ, ಇನ್ನೂ ಎಲ್ಲಿಯಾದರೂ ಒಂದು ಮುತ್ತು ಉಳಿದಿದೆಯೇ ಎಂದು ಕೈಕಾಲುಗಳನ್ನೆಲ್ಲ ತಿರುಗಿಸಿ ತಿರುಗಿಸಿ ಹುಡುಕಿದ್ದು ನೆನಪಿದೆ.

ಈ ನೆನಪನ್ನು ನಾನು ಎಷ್ಟೋ ವರ್ಷ ಒಂದು ಸಿಹಿ ನೆನಪಾಗಿಯೇ ಇಟ್ಟುಕೊಂಡಿದ್ದೆ. ಕಾದಂಬರಿಯಲ್ಲಿ ಆ ಹುಡುಗಿ ಅಮ್ಮ, ತಾಯಿ ತನಗೆ ಏನು ಮಾಡುತ್ತಿದ್ದಾಳೆಂದು ತಿಳಿದೂ ಹಾಸಿಗೆಯಲ್ಲಿ ಮೈಯೊಪ್ಪಿಸಿ ಮಲಗಿರುವ ಭಾಗ ಓದುವಾಗ, ಹಿತ್ತಿಲಿನಲ್ಲಿ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದ ಆ ಏಳು ವರ್ಷದವಳು ಎದುರಿಗೆ ಬಂದು ನಿಂತಳು. ನಮ್ಮ ನುಡಿ ಎಷ್ಟು ನಿರ್ಭಯವಾಗಿ ಹೆತ್ತವಳನ್ನೂ, ಮುದ್ದಿನಿಂದ ಕರೆಯುವಾಗ ಮಗಳನ್ನೂ, ಮೈಮೇಲೆದ್ದ ರೋಗವನ್ನೂ ಒಂದೇ ಶಬ್ದದಲ್ಲಿ ಕೂಡಿಸಿಟ್ಟಿದೆ! ಮಗಳನ್ನು ‘ಬಾರಮ್ಮಾ’ ಎಂದು ದಿನಕ್ಕೆ ಹತ್ತು ಸಲ ಕರೆಯುವ ನಾನು ಅದನ್ನು ಯೋಚಿಸಿರಲಿಲ್ಲ.

ಇನ್ನಾರಿಗೆ ದೂರುವೆ

ತಾಯಿ ಕೆಡುಕು ಮಾಡಬಲ್ಲಳು ಎಂಬುದನ್ನು ಒಪ್ಪಿಕೊಳ್ಳದಿರಲು ಎಲ್ಲ ನಾಡಿನವರೂ ಬಹಳ ಶ್ರಮಪಟ್ಟಿದ್ದಾರೆ. ಕೆಟ್ಟ ಮಗ ಹುಟ್ಟಬಹುದು, ಕೆಟ್ಟ ತಾಯಿ ಇರಲಾರಳು ಎಂದು ದೇವಿಯ ಮುಂದೆ ಹೇಳುವ ಸಂಸ್ಕೃತ ಸ್ತೋತ್ರ ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಮೊಲೆಗೆ ವಿಷ ಸವರಿಕೊಂಡು ಬಂದ ಪೂತನಿಯನ್ನು ನಾವು ರಾಕ್ಷಸಿಯೆಂದೆವು. ತಾಯಿಯ ವೇಷ ತೊಟ್ಟು ಹೊರಗಿನಿಂದ ಬಂದವಳು ಅವಳು, ಮನೆಯವಳಲ್ಲ. ಉಳಿದ ಕ್ರೌರ್ಯವನ್ನೆಲ್ಲ ಮಲತಾಯಿಯ ತಲೆಗೆ ಕಟ್ಟಿದೆವು, ಸರ್ಕಾರ ಒಂದು ಜಿಲ್ಲೆಗೆ ಅನುದಾನ ಕೊಡದಿದ್ದರೂ ಪತ್ರಿಕೆಗಳು ‘ಮಲತಾಯಿ ಧೋರಣೆ’ ಎಂದು ಬರೆಯುವಷ್ಟು. ಜರ್ಮನಿಯ ಗ್ರಿಮ್ ಸಹೋದರರು ಇದನ್ನೇ ಮಾಡಿದರು. ಸ್ನೋ ವೈಟ್ ಕಥೆಯ 1812ರ ಮೊದಲ ಮುದ್ರಣದಲ್ಲಿ ಮಗಳನ್ನು ಕೊಲ್ಲಿಸಹೊರಟವಳು ಹೆತ್ತ ತಾಯಿಯೇ ಆಗಿದ್ದಳು. 1819ರ ಆವೃತ್ತಿಯಲ್ಲಿ ಅವಳು ಮಲತಾಯಿಯಾದಳು. ಫ್ಲಿನ್ ಅವರ ಕಾದಂಬರಿಯಲ್ಲಿ ಮಲತಂದೆಯಿದ್ದಾನೆ, ಆದರೆ ವಿಷ ಹೆತ್ತವಳ ಕೈಯಲ್ಲಿದೆ.

ಬಸವಣ್ಣನವರು ಮಾತ್ರ ಅದನ್ನು ಅಡ್ಡಹೆಸರಿಡದೆ ಹೇಳಿದರು. ಏರಿಯೇ ನೀರುಂಡರೆ, ಬೇಲಿಯೇ ಹೊಲ ಮೇಯ್ದರೆ ಎಂದು ಎಣಿಸುತ್ತ ಬರುವ ಆ ವಚನದಲ್ಲಿ ‘ತಾಯ ಮೊಲೆವಾಲು ನಂಜಾಗಿ ಕೊಲುವಡೆ’ ಎಂಬುದು ಕೊನೆಯ ಮಾತು. ಅದರ ಬೆನ್ನಿಗೇ ‘ಇನ್ನಾರಿಗೆ ದೂರುವೆ’. ಶಾಲೆಯಲ್ಲಿ ಬಾಯಿಪಾಠ ಮಾಡಿದಾಗ ಇದು ನಡೆಯಲಾರದ ಸಂಗತಿಗಳ ಪಟ್ಟಿ ಎಂದುಕೊಂಡಿದ್ದೆ. ಈಗ ಅದರ ಕೊನೆಯ ಪ್ರಶ್ನೆ ನನಗೆ ಅಕ್ಷರಶಃ ಪ್ರಶ್ನೆಯಾಗಿಯೇ ಕೇಳುತ್ತದೆ: ಅಂಥ ಮಗು ಯಾರ ಬಳಿಗೆ ಹೋಗಬೇಕು?

ವೈದ್ಯರ ಬಳಿಗೆ ಎಂದು ಹೇಳುವಂತಿಲ್ಲ, ಏಕೆಂದರೆ ಆ ತಾಯಿ ಮಗುವನ್ನು ಎತ್ತಿಕೊಂಡು ಮೊದಲು ಹೋಗುವುದೇ ಅಲ್ಲಿಗೆ. ಇಂಗ್ಲೆಂಡಿನ ಮಕ್ಕಳ ವೈದ್ಯ ರಾಯ್ ಮೆಡೋ 1977ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಂಥ ಎರಡು ಪ್ರಕರಣಗಳನ್ನು ಬರೆದು, ಅದಕ್ಕೆ ಮಂಚಾಸನ್ ಸಿಂಡ್ರೋಮ್ ಬೈ ಪ್ರಾಕ್ಸಿ ಎಂದು ಹೆಸರಿಟ್ಟರು. ಒಬ್ಬ ತಾಯಿ ಮಗಳ ಮೂತ್ರದ ಮಾದರಿಯನ್ನು ಕೆಡಿಸುತ್ತಿದ್ದಳು, ಅದರಿಂದಾಗಿ ಆ ಮಗು ಬೇಡದ ಪರೀಕ್ಷೆ ಚಿಕಿತ್ಸೆಗಳಿಗೆಲ್ಲ ಒಳಗಾಗುತ್ತಿತ್ತು. ಇನ್ನೊಬ್ಬಳು ಮಗುವಿಗೆ ಉಪ್ಪು ಉಣಿಸುತ್ತಿದ್ದಳು, ಆ ಮಗು ತೀರಿಕೊಂಡಿತು. ವೈದ್ಯಕೀಯ ವರ್ಗೀಕರಣದಲ್ಲಿ ಈಗ ಇದಕ್ಕೆ ಬೇರೆ ಹೆಸರಿದೆ, ಆದರೆ ಹಳೆಯದೇ ಜನರ ಬಾಯಲ್ಲಿ ಉಳಿದಿದೆ. ಮೆಡೋ ಗಮನಿಸಿದ ಒಂದು ಸಂಗತಿ ನನಗೆ ಮುಖ್ಯವಾಗಿ ಕಂಡಿತು. ಆ ತಾಯಂದಿರು ಆಸ್ಪತ್ರೆಯ ವಾರ್ಡಿನಲ್ಲಿ ಎಲ್ಲರಿಗೂ ಬೇಕಾದವರಾಗಿದ್ದರು. ದಾದಿಯರೊಡನೆ ಹೊಂದಿಕೊಂಡು, ತಮ್ಮ ಮಗುವಿನ ಬಗ್ಗೆ ಸಿಗುತ್ತಿದ್ದ ಗಮನದಲ್ಲಿ ಅರಳಿದವರಂತೆ ಕಾಣುತ್ತಿದ್ದರು. ನೋಡಿದವರು ಎಂಥ ಒಳ್ಳೆಯ ತಾಯಿ ಎನ್ನುತ್ತಿದ್ದರು.

ಡೇವಿಡ್ ಸೌತಾಲ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಗುಟ್ಟಾಗಿ ಕ್ಯಾಮೆರಾ ಇಟ್ಟು ನೋಡಿದ ವಿವರಗಳು 1997ರಲ್ಲಿ ಪ್ರಕಟವಾದವು. ಅನುಮಾನ ಬಂದಿದ್ದ 39 ಮಕ್ಕಳಲ್ಲಿ 33 ಮಕ್ಕಳ ಮೇಲೆ ಹೆತ್ತವರೇ, ಇಲ್ಲವೇ ಜೊತೆಗಿದ್ದು ನೋಡಿಕೊಳ್ಳುತ್ತಿದ್ದವರೇ, ದೌರ್ಜನ್ಯ ನಡೆಸುತ್ತಿದ್ದುದು ದಾಖಲಾಗಿತ್ತು. ಕಾದಂಬರಿಯಲ್ಲಿಯೂ ಒಬ್ಬ ದಾದಿ ಮೇರಿಯನ್ ಬಗ್ಗೆ ತನ್ನ ಅನುಮಾನವನ್ನು ಕಡತದಲ್ಲಿ ಬರೆದಿಟ್ಟಿರುತ್ತಾಳೆ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವರ್ಷಗಳಾದ ಮೇಲೆ ಕಮೀಲ್ ಅದನ್ನು ಓದುತ್ತಾಳೆ. ಆ ಕಡತದ ಪುಟಗಳನ್ನು ನಾನು ಎರಡು ಸಲ ಓದಿದೆ. ರಕ್ತವಿರುವ ಪುಟಗಳಿಗಿಂತ ಅವು ಭೀಕರ.

ಪುಸ್ತಕ ಬಂದ ಒಂಬತ್ತು ವರ್ಷಗಳ ಮೇಲೆ ಅದೇ ಮಿಸೌರಿಯಲ್ಲಿ ಜಿಪ್ಸಿ ರೋಸ್ ಬ್ಲಾಂಚರ್ಡ್ ಪ್ರಕರಣ ಬಯಲಾಯಿತು. ನಡೆಯಬಲ್ಲ ಮಗಳನ್ನು ತಾಯಿ ಗಾಲಿಕುರ್ಚಿಯಲ್ಲಿ ಕೂರಿಸಿದ್ದಳು. ಇಲ್ಲದ ಕ್ಯಾನ್ಸರಿನ ಕಥೆ ಕಟ್ಟಿ ತಲೆ ಬೋಳಿಸಿದ್ದಳು. ಬೇಡದ ಶಸ್ತ್ರಚಿಕಿತ್ಸೆಗಳನ್ನು ಮಾಡಿಸಿದ್ದಳು. ಅನುಮಾನಪಟ್ಟು ತಮ್ಮ ಟಿಪ್ಪಣಿಯಲ್ಲಿ ಬರೆದ ವೈದ್ಯರು ಅಲ್ಲಿಯೂ ಇದ್ದರು, 2009ರಲ್ಲಿ ಯಾರೋ ಹೆಸರು ಹೇಳದೆ ಪೊಲೀಸರಿಗೆ ತಿಳಿಸಿದ್ದೂ ಉಂಟು. ಏನೂ ಆಗಲಿಲ್ಲ. 2015ರ ಜೂನ್‌ನಲ್ಲಿ ಮಗಳು ತನ್ನ ಗೆಳೆಯನ ಕೈಯಿಂದ ತಾಯಿಯನ್ನು ಕೊಲ್ಲಿಸಿದಳು. ಹತ್ತು ವರ್ಷಗಳ ಶಿಕ್ಷೆಯಾಗಿ, 2023ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದಳು. ದೂರಲು ಯಾರೂ ಇಲ್ಲದವಳು ಹಿಡಿದ ದಾರಿ ಅದು.

ಹಾಗೆಂದು ತಾಯಂದಿರನ್ನೆಲ್ಲ ಅನುಮಾನದ ಕಣ್ಣಿನಿಂದ ನೋಡಬೇಕೇ? ಅದರ ಫಲವನ್ನೂ ಇಂಗ್ಲೆಂಡ್ ಕಂಡಿದೆ. ಎರಡು ಹಸುಗೂಸುಗಳನ್ನು ಕಳೆದುಕೊಂಡ ಸ್ಯಾಲಿ ಕ್ಲಾರ್ಕ್ ಎಂಬ ತಾಯಿಯ ವಿಚಾರಣೆಯಲ್ಲಿ ಇದೇ ಮೆಡೋ ಸಾಕ್ಷಿ ನುಡಿದು, ಅಂಥ ಕುಟುಂಬದಲ್ಲಿ ಎರಡು ಸಾವು ಸಹಜವಾಗಿ ಸಂಭವಿಸುವ ಸಾಧ್ಯತೆ 7.3 ಕೋಟಿಯಲ್ಲಿ ಒಂದು ಎಂದರು. ಒಂದೇ ಮನೆಯ ಎರಡು ಸಾವುಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಭಾವಿಸಿ ಗುಣಿಸಿ ತೆಗೆದ ಆ ಸಂಖ್ಯೆಯೇ ತಪ್ಪಾಗಿತ್ತು. 1999ರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದ ಅವರು 2003ರಲ್ಲಿ ನಿರಪರಾಧಿಯಾಗಿ ಹೊರಬಂದರು, 2007ರಲ್ಲಿ ತೀರಿಕೊಂಡರು. ಅವರು ಯಾರಿಗೆ ದೂರಬೇಕಿತ್ತು? ತಾಯಿಯನ್ನು ದೇವಿಯೆಂದು ನೋಡುವ ಕಣ್ಣು ಮಗುವನ್ನು ಕಾಣುವುದಿಲ್ಲ. ಅವಳನ್ನು ಪೂತನಿಯೆಂದು ನೋಡುವ ಕಣ್ಣಿಗೆ ಕೂಸು ಕಳೆದುಕೊಂಡ ಹೆಂಗಸು ಕಾಣುವುದಿಲ್ಲ. ಅಡೋರಾಳನ್ನು ಬರೆದ ಲೇಖಕಿಯ ಬಗ್ಗೆ ನನಗೆ ಗೌರವ ಹುಟ್ಟಿದ್ದು ಇಲ್ಲಿಯೇ. ಅಡೋರಾಳ ತಾಯಿಯೂ ಅವಳನ್ನು ಪ್ರೀತಿಸಿದವಳಲ್ಲ ಎಂಬುದನ್ನು ಅವರು ನೆಪವಾಗಿ ಮುಂದಿಡುವುದಿಲ್ಲ, ಮುಚ್ಚಿಡುವುದೂ ಇಲ್ಲ.

ಒಳಲೆ

ನಮ್ಮ ಮನೆಯ ಗೂಡಿನಲ್ಲಿ ಒಂದು ಹಳೆಯ ಒಳಲೆಯಿದೆ, ಅಜ್ಜಿಯಿಂದ ಬಂದದ್ದು. ನನ್ನ ಮಗಳು ಕೂಸಾಗಿದ್ದಾಗ ಬಾಣಂತನಕ್ಕೆ ಬಂದ ಅಮ್ಮ ಕಾಲು ಚಾಚಿ ಕುಳಿತು, ಮಗುವನ್ನು ಎರಡು ಕಾಲುಗಳ ನಡುವೆ ಅಂಗಾತ ಮಲಗಿಸಿ, ಬಜೆ ತೇಯ್ದ ನೀರನ್ನು ಅದರಿಂದಲೇ ಹಾಕುತ್ತಿದ್ದಳು. ಮಗು ಬಾಯಿ ಬಿಗಿದರೆ ಮೂಗನ್ನು ಮೆಲ್ಲಗೆ ಹಿಡಿಯುತ್ತಿದ್ದಳು. ನನಗೆ ಗಾಬರಿಯಾದರೆ, ‘ಅಳಲಿ ಬಿಡು, ಅತ್ತರೆ ಬಾಯಿ ತೆಗೀತದೆ, ಆಗ ಒಳಗೆ ಇಳೀತದೆ’ ಎನ್ನುತ್ತಿದ್ದಳು. ಇದರಲ್ಲಿ ಕ್ರೌರ್ಯವಿರಲಿಲ್ಲ, ನನಗೂ ಹೀಗೆಯೇ ಕುಡಿಸಿದ್ದಾರೆ. ಕೂಸಿಗೆ ಹಾಗೆ ಏನನ್ನೂ ಕುಡಿಸಬಾರದೆಂದು ಮಕ್ಕಳ ವೈದ್ಯರು ಹೇಳಿದ ಮೇಲೆ ನಿಲ್ಲಿಸಿದೆವು. ಅಮ್ಮ ಮಾತಾಡಲಿಲ್ಲ, ಆದರೆ ಒಳಲೆಯನ್ನು ತೊಳೆದು ಒರೆಸಿ ಗೂಡಿನಲ್ಲಿಡುವಾಗ ಅವಳ ಮುಖದಲ್ಲಿ ಕಂಡದ್ದು ಬರಿಯ ಬೇಸರವಲ್ಲ, ಅಧಿಕಾರ ಕಳೆದುಕೊಂಡವರ ನೋವು.

ಮೂರನೆಯ ರಾತ್ರಿ ನನ್ನ ಮಗಳು ನಾನು ಹಿಡಿದ ಔಷಧಿಯ ಚಮಚದ ಮುಂದೆ ತುಟಿ ಬಿಗಿದು ಮುಖ ತಿರುಗಿಸಿದಳು. ತಾಯಂದಿರಿಗೆಲ್ಲ ಇದು ದಿನದ ಅನುಭವ. ಆದರೆ ಮಡಿಲಿನಲ್ಲಿ ಕಾದಂಬರಿ ಬೋರಲಾಗಿ ಬಿದ್ದಿತ್ತು, ನಾನು ನನ್ನನ್ನೇ ನೋಡಿಕೊಳ್ಳುತ್ತಿದ್ದೆ. ಆ ಕ್ಷಣ ಮನಸ್ಸಿನಲ್ಲಿ ಮೊದಲು ಎದ್ದದ್ದು ಜ್ವರ ಏರಬಹುದೆಂಬ ಆತಂಕವಲ್ಲ. ಅವಮಾನ. ನಾನು ನಿದ್ದೆಗೆಟ್ಟು ಕುಳಿತಿದ್ದೇನೆ, ನೀನು ನನ್ನನ್ನು ಬೇಡವೆನ್ನುತ್ತೀಯಾ ಎಂಬ ಭಾವ. ಆತಂಕ ಬಂದದ್ದು ಎರಡನೆಯದಾಗಿ. ಐದನೆಯ ದಿನ ಜ್ವರ ಬಿಟ್ಟು ಅವಳು ಕೆಳಗಿನ ಮಕ್ಕಳೊಡನೆ ಆಡಲು ಓಡಿದಳು. ನಾನು ಅವಳಿಗೆಂದು ಕಾಯಿಸಿದ್ದ ಜೀರಿಗೆ ಕಷಾಯ ಒಲೆಯ ಮೇಲೆ ಹಾಗೇ ಇತ್ತು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಅದರ ಅಡಿಯಲ್ಲಿ ಇನ್ನೊಂದು, ಏನನ್ನೋ ಕಿತ್ತುಕೊಂಡಂಥ ಸಣ್ಣ ಖಾಲಿತನವೂ ಇತ್ತು. ಪುಸ್ತಕ ಓದಿರದಿದ್ದರೆ ಅದನ್ನು ದಣಿವು ಎಂದು ಕರೆದು ಮುಂದೆ ಹೋಗುತ್ತಿದ್ದೆ.

ಆ ವಾರ ಅಮ್ಮನಿಗೆ ಫೋನ್ ಮಾಡಿದಾಗ ಚಿಕನ್‌ಪಾಕ್ಸ್‌ನ ದಿನಗಳ ಮಾತು ತೆಗೆದೆ. ಒಂಬತ್ತು ದಿನವೂ ನೀನು ನನ್ನ ಪಕ್ಕ ಬಿಟ್ಟು ಎದ್ದಿರಲಿಲ್ಲ, ಅಲ್ಲವೇ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೂಂ. ನಿನ್ನ ಮುಟ್ಟಿದೋಳು ಅಡುಗೆಮನೆಗೆ ಬರೋ ಹಾಗಿರಲಿಲ್ಲವಲ್ಲ. ಆ ಮನೇಲಿ ನಾನು ಬೆನ್ನು ನೆಲಕ್ಕೆ ಹಾಕಿದ್ದು ಅಂದ್ರೆ ಆ ಒಂಬತ್ತು ದಿನಾನೇ. ಇನ್ನೊಂದೆರಡು ದಿನ ಇರಬಾರದಾ ಅಂತ ಅನ್ನಿಸಿತ್ತು. ತಪ್ಪು, ಅಲ್ವಾ?’ ಎಂದಳು. ತಪ್ಪಲ್ಲ ಎಂದೆ. ನಾನು ಹಿತ್ತಿಲಿನಲ್ಲಿ ಮುತ್ತು ಹುಡುಕಿದ್ದನ್ನು ಹೇಳಿದೆ. ಇಬ್ಬರೂ ಬಹಳ ಹೊತ್ತು ಫೋನ್ ಇಡಲಿಲ್ಲ, ಹೆಚ್ಚು ಮಾತೂ ಆಡಲಿಲ್ಲ. ಅವಳೂ ನಾನೂ ಒಂದೇ ಮನೆಯಲ್ಲಿ, ಒಂದೇ ವಾರದಲ್ಲಿ, ಒಬ್ಬರಿಗೊಬ್ಬರು ತಿಳಿಯದಂತೆ ಅದೇ ರೋಗಕ್ಕೆ ಇನ್ನಷ್ಟು ದಿನ ಇರು ಎಂದು ಬೇಡಿಕೊಂಡಿದ್ದೆವು. ಮೆಡೋ ಕಂಡ ವಾರ್ಡಿನ ತಾಯಂದಿರಿಗೂ ನನ್ನ ಅಮ್ಮನಿಗೂ ನಡುವೆ ದಾಟಬಾರದ ಒಂದು ಗೆರೆಯಿದೆ, ಅಮ್ಮ ಅದನ್ನು ದಾಟಲಿಲ್ಲ, ದಾಟುವವಳೂ ಅಲ್ಲ. ಆದರೆ ಆ ಗೆರೆ ನಾನು ನಂಬಿದ್ದಂತೆ ದೂರದ ಮಿಸೌರಿಯಲ್ಲಿರಲಿಲ್ಲ.

ಕಾದಂಬರಿಯ ಕೊನೆಯಲ್ಲಿ ಅಡೋರಾ ಸೆರೆಯಾಗುತ್ತಾಳೆ, ಆದರೆ ಊರಿನ ಹುಡುಗಿಯರನ್ನು ಕೊಂದವಳು ಅವಳಲ್ಲ, ಅಮ್ಮ. ತಾಯಿಯ ಗಮನ ಆ ಹುಡುಗಿಯರ ಕಡೆಗೆ ಹರಿದದ್ದನ್ನು ಅವಳು ಸಹಿಸಲಿಲ್ಲ. ತಾಯಿಯ ಕೋಣೆಯ ದಂತದ ನೆಲವನ್ನು ತನ್ನ ಗೊಂಬೆಮನೆಯಲ್ಲಿ ಅವರ ಹಲ್ಲುಗಳಿಂದ ಮಾಡಿಟ್ಟಿರುತ್ತಾಳೆ. ಓದುಗರೆಲ್ಲ ನೆನಪಿಟ್ಟುಕೊಳ್ಳುವುದು ಅದನ್ನು. ನನ್ನಲ್ಲಿ ಉಳಿದಿರುವುದು ಅದರ ಮುಂದಿನ, ತೀರ ಸದ್ದಿಲ್ಲದ ಭಾಗ. ನಡುವೆ ಕೆಲಕಾಲ ಆ ತಂಗಿಯನ್ನು ತನ್ನ ಮನೆಯಲ್ಲಿಟ್ಟುಕೊಂಡು ಆರೈಕೆ ಮಾಡಿದ್ದ ಕಮೀಲ್, ತಾನು ಅದನ್ನು ಅಷ್ಟು ಚೆನ್ನಾಗಿ ಮಾಡಿದ್ದು ಕರುಣೆಯಿಂದಲೋ, ತಾಯಿಯ ರೋಗ ತನ್ನಲ್ಲೂ ಇರುವುದರಿಂದಲೋ ಎಂದು ಯೋಚಿಸುತ್ತಾಳೆ. ಒಮ್ಮೆ ಅದು, ಒಮ್ಮೆ ಇದು ಎನ್ನಿಸುತ್ತದೆ ಅವಳಿಗೆ. ರಾತ್ರಿಯ ಹೊತ್ತು ಇನ್ನೂ ಹೆಚ್ಚಾಗಿ.

ಆ ಪುಟವನ್ನು ನಿನ್ನೆ ರಾತ್ರಿ ಮತ್ತೊಮ್ಮೆ ಓದಿ, ದೀಪ ಆರಿಸಿ, ಮಗಳ ಕೋಣೆಗೆ ಹೋದೆ. ಜ್ವರ ಬಿಟ್ಟು ಹದಿನೈದು ದಿನಗಳಾಗಿವೆ. ಆದರೂ ಕೈ ತಾನಾಗಿಯೇ ಅವಳ ಹಣೆಗೆ ಹೋಯಿತು. ತಣ್ಣಗಿತ್ತು. ಕೈ ತೆಗೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.